ಮೇಜಿನ ಮೇಲಿನ ಜ್ವಾಲಾಮುಖಿ ಮತ್ತು ಕಾಲಡಿಯ ಕರಿಕಲ್ಲು

ವಿಜ್ಞಾನ ವಸ್ತುಪ್ರದರ್ಶನ ನಡೆಯುವ ಶಾಲೆಗಳಲ್ಲಿ ಜ್ವಾಲಾಮುಖಿಯ ಮಾದರಿಯೊಂದು ಬಹುಮಟ್ಟಿಗೆ ತಪ್ಪದೆ ಕಾಣಿಸುತ್ತದೆ. ಜೇಡಿಮಣ್ಣಿನಿಂದಲೋ ನೆನೆಸಿದ ಕಾಗದದ ಮುದ್ದೆಯಿಂದಲೋ ಮಾಡಿದ ಶಂಕುವಿನಾಕಾರದ ಬೆಟ್ಟ. ಅದರ ನೆತ್ತಿಯಲ್ಲಿ ಹುದುಗಿಸಿದ ಒಂದು ಸಣ್ಣ ಸೀಸೆ. ಸೀಸೆಯೊಳಗೆ ಅಡಿಗೆ ಸೋಡ, ತುಸು ಸಾಬೂನಿನ ಪುಡಿ, ಒಂದಿಷ್ಟು ಕೆಂಪು ಬಣ್ಣ. ವಿನೆಗರನ್ನೋ ನಿಂಬೆಯ ರಸವನ್ನೋ ಸುರಿದೊಡನೆ ಕೆಂಪು ನೊರೆ ಭುಸ್ಸೆಂದು ಉಕ್ಕಿ ಬೆಟ್ಟದ ಮೈಮೇಲೆ ಇಳಿಯುತ್ತದೆ. ನೆರೆದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತೀರ್ಪುಗಾರರು ಗುರುತು ಹಾಕಿಕೊಂಡು ಮುಂದಿನ ಮೇಜಿಗೆ ಸಾಗುತ್ತಾರೆ.

ನಾವು ಈ ಪ್ರಯೋಗದ ವಿರೋಧಿಗಳಲ್ಲ. ಮಗುವಿಗೆ ವಿಜ್ಞಾನದಲ್ಲಿ ಮೊದಲು ಹುಟ್ಟಬೇಕಾದದ್ದು ಕುತೂಹಲ. ಅದನ್ನು ಇಷ್ಟು ಅಲ್ಪ ವೆಚ್ಚದಲ್ಲಿ ಹುಟ್ಟಿಸುವ ಸಾಧನಗಳು ಹೆಚ್ಚಿಲ್ಲ. ಆದರೆ ಚಪ್ಪಾಳೆಯಾದ ಮೇಲೆ ಪಾಠ ಮುಗಿಯಿತೆಂದು ಭಾವಿಸುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಿನಂತಹ ಊರುಗಳಲ್ಲಿ ಹಾಗೆ ಭಾವಿಸುವುದು ಇನ್ನೂ ದೊಡ್ಡ ನಷ್ಟ. ಏಕೆಂದರೆ ಆ ಊರುಗಳ ಮಕ್ಕಳು ಜ್ವಾಲಾಮುಖಿಯ ಮಾದರಿಯನ್ನಿಟ್ಟ ಮೇಜು ನಿಂತಿರುವುದೇ ಲಾವಾದಿಂದಾದ ನೆಲದ ಮೇಲೆ.

ಮೊದಲು ಮೇಜಿನ ಮೇಲೆ ನಡೆಯುವುದೇನೆಂಬುದನ್ನು ಪರೀಕ್ಷಿಸೋಣ. ಅಡಿಗೆ ಸೋಡ ಎಂದರೆ ಸೋಡಿಯಂ ಬೈಕಾರ್ಬೊನೇಟು. ವಿನೆಗರಿನಲ್ಲಿರುವುದು ಅಸೆಟಿಕ್ ಆಮ್ಲ. ಇವೆರಡೂ ಕೂಡಿದಾಗ ಸೋಡಿಯಂ ಅಸಿಟೇಟು, ನೀರು ಮತ್ತು ಇಂಗಾಲದ ಡೈಆಕ್ಸೈಡು ಅನಿಲ ಉಂಟಾಗುತ್ತವೆ. ಸೋಡದ ಅಣುತೂಕ 84. ಅಷ್ಟು ಗ್ರಾಂ ಸೋಡ ಪೂರ್ಣವಾಗಿ ವರ್ತಿಸಿದರೆ 44 ಗ್ರಾಂ ಅನಿಲ, ಎಂದರೆ ಕೊಠಡಿಯ ಉಷ್ಣತೆಯಲ್ಲಿ ಸುಮಾರು 24 ಲೀಟರು ಅನಿಲ, ಹೊರಬೀಳುತ್ತದೆ. ಒಂದು ಚಹಾ ಚಮಚದಷ್ಟು, ಸುಮಾರು 5 ಗ್ರಾಂ, ಸೋಡದಿಂದ ಹೆಚ್ಚುಕಡಿಮೆ ಒಂದೂವರೆ ಲೀಟರು ಅನಿಲ ದೊರೆಯುತ್ತದೆಂದಾಯಿತು. ಚಮಚದೊಳಗೆ ಹಿಡಿಯುವ ಪುಡಿಯಿಂದ ಒಂದೂವರೆ ಲೀಟರು ಅನಿಲ! ಬೆಟ್ಟ ಉಕ್ಕುವುದರಲ್ಲಿ ಆಶ್ಚರ್ಯವೇನಿದೆ?

ಈಗ ಆ ನೊರೆಯೊಳಗೆ ಒಂದು ಉಷ್ಣಮಾಪಕವನ್ನು ಇಟ್ಟು ನೋಡಬೇಕು. ಸುರಿಯುವ ಮೊದಲು ವಿನೆಗರಿನ ಉಷ್ಣತೆಯನ್ನು ಬರೆದುಕೊಂಡು, ಉಕ್ಕಿದ ಮೇಲೆ ಪುನಃ ಬರೆದುಕೊಂಡರೆ, ಪಾದರಸವೋ ಮದ್ಯಸಾರವೋ ಮೇಲೇರುವ ಬದಲು ಕೆಲವು ಡಿಗ್ರಿಗಳಷ್ಟು ಕೆಳಗಿಳಿದಿರುವುದು ಕಾಣುತ್ತದೆ. ಈ ಕ್ರಿಯೆ ತನ್ನ ಸುತ್ತಲಿನ ಶಾಖವನ್ನು ಹೀರಿಕೊಳ್ಳತಕ್ಕದ್ದು. ಬೆಂಕಿಯ ಬಣ್ಣ ಬಳಿದುಕೊಂಡ ನಮ್ಮ ಜ್ವಾಲಾಮುಖಿ ವಾಸ್ತವವಾಗಿ ತಣ್ಣಗಾಗುತ್ತಿದೆ! ನಿಜವಾದ ಬಸಾಲ್ಟ್ ಲಾವಾದ ಉಷ್ಣತೆಯಾದರೋ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಅದು ಕರಗಿದ ಕಲ್ಲು; ಯಾವ ಆಮ್ಲ, ಯಾವ ಸೋಡವೂ ಅದನ್ನು ಕರಗಿಸಿದ್ದಲ್ಲ. ಭೂಮಿಯ ಒಳಭಾಗದ ಶಾಖವೂ, ಆಳದಿಂದ ಮೇಲೇರಿದ ಶಿಲೆಯ ಮೇಲಿನ ಒತ್ತಡ ತಗ್ಗುವುದೂ ಅದಕ್ಕೆ ಕಾರಣ.

ಹಾಗಾದರೆ ಮಾದರಿ ಪೂರ್ತಿ ಸುಳ್ಳೇ? ಹಾಗೂ ಅಲ್ಲ. ಒಂದು ವಿಷಯದಲ್ಲಿ ಅದು ನಿಜವನ್ನೇ ಹೇಳುತ್ತದೆ. ಆಳದಲ್ಲಿರುವ ಶಿಲಾರಸದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡು ಮೊದಲಾದ ಅನಿಲಗಳು ಕರಗಿಕೊಂಡಿರುತ್ತವೆ. ರಸ ಮೇಲೇರಿದಂತೆ ಒತ್ತಡ ಕಡಿಮೆಯಾಗಿ, ಅನಿಲವು ಗುಳ್ಳೆಗಳಾಗಿ ಬೇರ್ಪಟ್ಟು, ರಸವನ್ನು ಮೇಲಕ್ಕೆ ನೂಕುತ್ತದೆ. ಗುಳ್ಳೆಯ ಬಲವನ್ನು ಮಗು ಸೀಸೆಯ ಬಾಯಲ್ಲಿ ಕಣ್ಣಾರೆ ಕಾಣುತ್ತದೆ. ಈ ಗುಳ್ಳೆಯನ್ನು ನಾವು ಮರೆಯದಿರೋಣ. ಮುಂದೆ ಅದು ಬಹಳ ಮುಖ್ಯವಾದ ಸಾಕ್ಷಿಯಾಗಲಿದೆ.

ಇನ್ನು ಬೆಟ್ಟದ ಆಕಾರ. ಜಪಾನಿನ ಫೂಜಿಯ ಚಿತ್ರವನ್ನು ನೋಡಿ ಬೆಳೆದ ನಮಗೆ ಜ್ವಾಲಾಮುಖಿ ಎಂದರೆ ಶಂಕುವೇ. ಬಸವಕಲ್ಯಾಣದ ಕೋಟೆಯ ಮೇಲೆ ನಿಂತು ನಾಲ್ಕು ದಿಕ್ಕಿಗೂ ಕಣ್ಣಾಡಿಸಿದರೆ ಅಂತಹ ಶಂಕು ಎಲ್ಲಿಯೂ ಕಾಣದು. ಚಪ್ಪಟೆ ನೆತ್ತಿಯ ದಿಬ್ಬಗಳು, ಅವುಗಳ ನಡುವೆ ತೊಗರಿ, ಜೋಳ, ಕಬ್ಬು ಬೆಳೆಯುವ ಎರೆಭೂಮಿ. ಆದುದರಿಂದ ಇಲ್ಲಿ ಜ್ವಾಲಾಮುಖಿಯ ಮಾತೇಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಉತ್ತರವಿಷ್ಟೆ: ಇಲ್ಲಿ ಹರಿದ ಲಾವಾ ಬೆಟ್ಟದ ಬಾಯಿಂದ ಉಕ್ಕಿದುದಲ್ಲ, ನೆಲದ ಉದ್ದನೆಯ ಬಿರುಕುಗಳಿಂದ ಹೊರಬಂದು, ಪ್ರವಾಹವಾಗಿ ಹರಡಿದುದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭಾರತದ ಭೂಭಾಗ ಇನ್ನೂ ಸಮಭಾಜಕವೃತ್ತದ ದಕ್ಷಿಣಕ್ಕಿದ್ದಾಗ ಈ ಪ್ರವಾಹಗಳು ಒಂದರ ಮೇಲೊಂದರಂತೆ, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದ ಹಾಗೆ, ಸಂಗ್ರಹವಾದವು. ಇದನ್ನೇ ಭೂವಿಜ್ಞಾನಿಗಳು ದಖ್ಖನ್ ಟ್ರ್ಯಾಪ್ ಎಂದು ಕರೆಯುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಎಂಬರ್ಥದ ಪದದಿಂದ ಬಂದ ಹೆಸರಿದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ಪ್ರದೇಶವನ್ನು ಈ ಶಿಲೆ ಆವರಿಸಿದೆ. ಪಶ್ಚಿಮಘಟ್ಟದ ಕಡೆ ಅತಿ ದಪ್ಪವಾಗಿದ್ದು ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ.

ಇಂತಹ ಬಿರುಕಿನ ಸ್ಫೋಟವನ್ನು ಮನುಷ್ಯರು ಕಣ್ಣಾರೆ ಕಂಡುದೂ ಉಂಟು. 1783ರ ಜೂನ್ ತಿಂಗಳಿನಲ್ಲಿ ಐಸ್‌ಲೆಂಡಿನ ಲಾಕಿ ಎಂಬಲ್ಲಿ ಸುಮಾರು 27 ಕಿಲೋಮೀಟರು ಉದ್ದದ ಬಿರುಕು ತೆರೆದು, ಎಂಟು ತಿಂಗಳುಗಳ ಕಾಲ ಲಾವಾ ಹರಿಯಿತು. ಅದರ ವಿಷಾನಿಲಗಳಿಂದ ಹುಲ್ಲು ಕೆಟ್ಟು, ದನಕುರಿಗಳು ಸತ್ತು, ಬರಗಾಲವುಂಟಾಗಿ, ಆ ದ್ವೀಪದ ಜನರಲ್ಲಿ ಐದನೆಯ ಒಂದು ಪಾಲಿನಷ್ಟು ಮಂದಿ ಮಡಿದರು. ದಖ್ಖನ್ ಪ್ರವಾಹಗಳ ಮುಂದೆ ಲಾಕಿ ಒಂದು ಸಣ್ಣ ತೊರೆ ಮಾತ್ರ.

ನಮ್ಮ ಕಾಲಡಿಯ ಲಾವಾ ಎಷ್ಟು ದಪ್ಪ? ಬಸವಕಲ್ಯಾಣಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ, 1993ರ ಭೂಕಂಪದ ತರುವಾಯ, ವಿಜ್ಞಾನಿಗಳು 617 ಮೀಟರು ಆಳದ ರಂಧ್ರವೊಂದನ್ನು ಕೊರೆದರು. ಮೇಲಿನ 338 ಮೀಟರೂ ಬಸಾಲ್ಟೇ. ಅದರ ಕೆಳಗೆ ತೆಳುವಾದ ಜಲಜಶಿಲೆಯ ಪದರ. ಅದರಡಿಯಲ್ಲಿ ಅತಿ ಪುರಾತನವಾದ ನೈಸ್ ಶಿಲೆ. ನೂರು ಅಂತಸ್ತಿನ ಕಟ್ಟಡದಷ್ಟು ಲಾವಾವನ್ನು ಮೆಟ್ಟಿಕೊಂಡು ನಡೆಯುವ ಸೀಮೆಯ ಮಕ್ಕಳಿಗೆ ನಾವು ಸೋಡದ ನೊರೆಯನ್ನು ಮಾತ್ರ ತೋರಿಸಿ ಕಳುಹಿಸುವುದು ಉಚಿತವೇ?

ಇಲ್ಲಿ ಗುಳ್ಳೆ ಸಾಕ್ಷಿ ನುಡಿಯಲಿ. ಊರಿನಲ್ಲಿ ಬಾವಿ ತೋಡಿದಾಗ ಮೇಲೆ ಹಾಕಿದ ಕಲ್ಲಿನ ರಾಶಿ ಎಲ್ಲಿಯಾದರೂ ಇದ್ದೇ ಇರುತ್ತದೆ. ಅದರಲ್ಲಿ ಎರಡು ಬಗೆಯ ಕರಿಕಲ್ಲುಗಳನ್ನು ಹುಡುಕಬೇಕು. ಒಂದು ನಯವಾದ, ಭಾರವಾದ, ಒಂದು ತೂತೂ ಇಲ್ಲದ ಗಟ್ಟಿ ಕಲ್ಲು. ಅದು ಪ್ರವಾಹದ ಹೊಟ್ಟೆಯ ಭಾಗ. ಇನ್ನೊಂದು ಹುಳು ಕೊರೆದಂತೆ ತೂತುಗಳಿರುವ ಕಲ್ಲು. ಅದು ಸಾಮಾನ್ಯವಾಗಿ ಪ್ರವಾಹದ ಮೇಲ್ಭಾಗ. ಲಾವಾ ಹೆಪ್ಪುಗಟ್ಟುವಾಗ ಮೇಲೇರುತ್ತಿದ್ದ ಅನಿಲದ ಗುಳ್ಳೆಗಳು ಅಲ್ಲಿಯೇ ಸೆರೆಯಾಗಿ ಉಳಿದ ಗುರುತುಗಳೇ ಆ ತೂತುಗಳು. ಕೆಲವು ತೂತುಗಳಲ್ಲಿ ಅನಂತರ ಬಿಳಿಯ ಖನಿಜಗಳು ತುಂಬಿಕೊಂಡಿರುವುದೂ ಉಂಟು. ಸೀಸೆಯ ಗುಳ್ಳೆ ನಿಮಿಷದಲ್ಲಿ ಒಡೆದುಹೋಯಿತು. ಈ ಗುಳ್ಳೆ ಆರೂವರೆ ಕೋಟಿ ವರ್ಷಗಳಿಂದ ಕಲ್ಲಿನಲ್ಲಿ ಅಚ್ಚೊತ್ತಿ ನಿಂತಿದೆ.

ಎರಡೂ ಕಲ್ಲುಗಳನ್ನು ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿ ತೂಗಬೇಕು. ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮೈಯೊರೆಸಿ, ಮತ್ತೆ ತೂಗಬೇಕು. ಹೆಚ್ಚಿದ ತೂಕ ಎಷ್ಟು ಗ್ರಾಮೋ ಅಷ್ಟು ಘನ ಸೆಂಟಿಮೀಟರು ನೀರು ಕಲ್ಲಿನೊಳಗೆ ಸೇರಿತೆಂದು ಅರ್ಥ. ಇದು ಕೇವಲ ಲೆಕ್ಕದ ವಿನೋದವಲ್ಲ. ಗಟ್ಟಿ ಬಸಾಲ್ಟಿನಲ್ಲಿ ಬಿರುಕಿಲ್ಲದಿದ್ದರೆ ನೀರು ನಿಲ್ಲುವುದಕ್ಕೆ ಸ್ಥಳವಿಲ್ಲ. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡಿರುವ, ಶಿಥಿಲಗೊಂಡಿರುವ, ಬಿರುಕುಬಿಟ್ಟಿರುವ ಪದರಗಳಲ್ಲಿ ಮಾತ್ರ ಅಂತರ್ಜಲ ಸಂಗ್ರಹವಾಗುತ್ತದೆ. ಒಂದು ಹೊಲದ ಬಾವಿ ತುಂಬಿರುವಾಗ ಪಕ್ಕದ ಹೊಲದ ಕೊಳವೆಬಾವಿ ಬರಿದಾಗಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ಸಾಲ ಮಾಡಿ ಕೊಳವೆಬಾವಿ ಕೊರೆಯಿಸುವ ರೈತನ ಮನೆಯ ಮಗುವಿಗೆ ಜ್ವಾಲಾಮುಖಿಯ ಪಾಠದಿಂದ ತಿಳಿಯಬೇಕಾದದ್ದು ಇದೇ ಅಲ್ಲವೇ?

ಕೆಂಪು ಬಣ್ಣದ ಕಥೆಯೂ ಹೀಗೆಯೇ. ಹುಮನಾಬಾದಿನಿಂದ ಬೀದರಿನ ಕಡೆಗೆ ಹೋದರೆ ಕರಿಯ ನೆಲ ಕೆಂಪಾಗುತ್ತದೆ. ಜಂಬಿಟ್ಟಿಗೆ ಕಲ್ಲು ಕಾಣುತ್ತದೆ. ಅದು ಬೇರೆ ಬೆಂಕಿಯಿಂದ ಬಂದುದಲ್ಲ. ಲಕ್ಷಾಂತರ ವರ್ಷಗಳ ಮಳೆ ಬಿಸಿಲುಗಳಿಗೆ ಸಿಕ್ಕಿದ ಬಸಾಲ್ಟಿನೊಳಗಿನ ಸಿಲಿಕ ಮೊದಲಾದುವು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಉಳಿದುದರ ಫಲ ಅದು. ಆ ಕೆಂಪು ಜ್ವಾಲೆಯದಲ್ಲ, ತುಕ್ಕಿನದು. ಜಂಬಿಟ್ಟಿಗೆಯ ಮೂಲಕ ಇಳಿದ ಮಳೆಯ ನೀರು ಕೆಳಗಿನ ಬಿಗಿಯಾದ ಪದರದ ಮೇಲೆ ತಡೆದು ನಿಲ್ಲುತ್ತದೆ. ಬಹಮನಿಗಳ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಸುರಂಗಬಾವಿಯನ್ನು ತೋಡಿದವರು ಈ ನೀರನ್ನೇ ಬಳಸಿಕೊಂಡರು. ಭೂವಿಜ್ಞಾನದ ಪುಸ್ತಕ ಓದದೆಯೂ ಅವರು ಕಲ್ಲನ್ನು ಓದಬಲ್ಲವರಾಗಿದ್ದರು.

ಅರ್ಧ ತಿಳಿವಳಿಕೆಯಿಂದ ಭಯವೂ ಹುಟ್ಟಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ನೆಲ ನಡುಗಿ ಸಾವಿರಾರು ಜನ ಮಡಿದರು. ನಮ್ಮದು ಲಾವಾದ ನೆಲ ಎಂದು ಕೇಳಿದ ಮಗು, ಹಾಗಾದರೆ ಅದು ಮತ್ತೆ ಉಕ್ಕೀತೇ ಎಂದು ಕೇಳಿದರೆ ನಾವು ನಕ್ಕು ಸುಮ್ಮನಾಗಕೂಡದು. ಭೂಫಲಕದೊಳಗೆ ಸಂಚಯವಾದ ಒತ್ತಡದಿಂದ ಶಿಲೆ ಸೀಳಿದುದು ಆ ಭೂಕಂಪಕ್ಕೆ ಕಾರಣವೇ ಹೊರತು ಜ್ವಾಲಾಮುಖಿಯಲ್ಲ. ಲಾವಾವನ್ನು ಉಕ್ಕಿಸಿದ ಆಳದ ತಾಪಸ್ಥಾನವಾದರೋ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಬಳಿ ಉಳಿಯಿತೆಂದೂ, ಭಾರತ ಅದನ್ನು ಬಿಟ್ಟು ಸಾವಿರಾರು ಕಿಲೋಮೀಟರು ಉತ್ತರಕ್ಕೆ ಸರಿದು ಬಂದಿದೆಯೆಂದೂ ಬಹುಮಂದಿ ಭೂವಿಜ್ಞಾನಿಗಳ ಮತ. ಇಂದು ನಮ್ಮ ದೇಶದ ಜೀವಂತ ಜ್ವಾಲಾಮುಖಿಯನ್ನು ನೋಡಬೇಕಾದರೆ ಅಂಡಮಾನಿನ ಬ್ಯಾರನ್ ದ್ವೀಪಕ್ಕೆ ಹೋಗಬೇಕು. 1991ರಲ್ಲಿ ಎಚ್ಚತ್ತ ಅದು ಅಂದಿನಿಂದ ಆಗಾಗ ಉಕ್ಕುತ್ತಿದೆ.

ಇಷ್ಟೆಲ್ಲ ಹೇಳಲು ಉಪಾಧ್ಯಾಯರಿಗೆ ಸಮಯವೆಲ್ಲಿ, ಮಕ್ಕಳಿಗೆ ಬೇಕಾದದ್ದು ಸಂತೋಷವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಸಂತೋಷ ಬೇಕು, ನಿಜ. ಆದರೆ ತನ್ನ ಹೊಲದ ಕಲ್ಲಿನಲ್ಲಿ ಪುರಾತನ ಗುಳ್ಳೆಯನ್ನು ತಾನೇ ಕಂಡುಹಿಡಿದ ಮಗುವಿನ ಸಂತೋಷ ನೊರೆಯನ್ನು ಕಂಡ ಸಂತೋಷಕ್ಕಿಂತ ಕಡಿಮೆಯೆಂದು ನಮಗೆ ತೋರುವುದಿಲ್ಲ. ಸಮಯವೂ ಹೆಚ್ಚು ಬೇಡ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಏರ್ಪಡುವ ಪ್ರದರ್ಶನಗಳಲ್ಲಿ ಮೂರು ನಿಯಮಗಳನ್ನಿಟ್ಟರೆ ಸಾಕು. ಜ್ವಾಲಾಮುಖಿಯ ಮಾದರಿಯ ಪಕ್ಕದಲ್ಲಿ ಒಂದು ಉಷ್ಣಮಾಪಕವಿರಬೇಕು. ತನ್ನ ಊರಿನ ಒಂದು ಕಲ್ಲು, ಅದು ಸಿಕ್ಕಿದ ಸ್ಥಳದ ಹೆಸರಿನೊಡನೆ, ಇರಬೇಕು. ಮಾದರಿಗೂ ನಿಜಕ್ಕೂ ಇರುವ ಒಂದು ಹೋಲಿಕೆಯನ್ನೂ ಎರಡು ವ್ಯತ್ಯಾಸಗಳನ್ನೂ ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳಬೇಕು. ಅಂಕಗಳಲ್ಲಿ ಅರ್ಧ ಬೆಟ್ಟಕ್ಕೆ, ಅರ್ಧ ಕಲ್ಲಿಗೆ.

ಎಚ್ಚರಿಕೆಯ ಮಾತೂ ಅಗತ್ಯ. ಸೋಡ ಹಾಕಿದ ಸೀಸೆಗೆ ಬಿರಡೆ ಬಿಗಿಯಬಾರದು. ಒತ್ತಡದಿಂದ ಸೀಸೆ ಒಡೆದೀತು. ಹಳೆಯ ಪುಸ್ತಕಗಳಲ್ಲಿ ಕಾಣುವ ಅಮೋನಿಯಂ ಡೈಕ್ರೊಮೇಟಿನ ಜ್ವಾಲಾಮುಖಿಯನ್ನು ಮಕ್ಕಳಿಂದ ಮಾಡಿಸಲೇ ಕೂಡದು. ಕಿಡಿಕಾರುವ ಅದರ ನೋಟ ಸುಂದರವಾದರೂ ಆ ಲವಣ ವಿಷಕಾರಿ, ಅದರ ಧೂಳು ಕ್ಯಾನ್ಸರ್‌ಕಾರಕ. ಕಲ್ಲನ್ನು ರಾಶಿಯಿಂದ ಆರಿಸಿಕೊಳ್ಳಬೇಕಲ್ಲದೆ ಬಾವಿಗಾಗಲಿ ಗಣಿಗಾಗಲಿ ಇಳಿಯಬಾರದು. ದೇವಾಲಯ, ಕೋಟೆಗಳ ಕಲ್ಲನ್ನು ಕಣ್ಣಿನಿಂದ ನೋಡಬೇಕು, ಕೈಯಿಂದ ಕೀಳಬಾರದು. ಹುಮನಾಬಾದಿನ ಬಳಿಯ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ದೇವಾಲಯವಿದೆ. ಶಿಲ್ಪವನ್ನು ನೋಡಲು ಹೋದವರು ಒಂದು ಭೂತಗಾಜನ್ನು ಕೊಂಡೊಯ್ದು, ಶಿಲ್ಪಿ ಆರಿಸಿಕೊಂಡ ಕಲ್ಲಿನ ಕಣಗಳನ್ನೂ ನೋಡಿ ಬರಲಿ.

ಕಾಲೇಜಿನಲ್ಲಿ ಓದುತ್ತಿರುವ ಮಿತ್ರರಿಗೆ ನಮ್ಮದೊಂದು ಬಿನ್ನಹ. ನೀವು ಓದಿ ಬಂದ ಪ್ರೌಢಶಾಲೆಗೆ ಒಂದು ಶನಿವಾರ ಹೋಗಿ, ಮಕ್ಕಳೊಡನೆ ಸೋಡದ ಜ್ವಾಲಾಮುಖಿಯನ್ನು ಉಕ್ಕಿಸಿರಿ. ನೊರೆ ಇಳಿದ ಮೇಲೆ ಮೇಜನ್ನು ಒರೆಸಿ, ಅದೇ ಮೇಜಿನ ಮೇಲೆ ತೂತುಬಿದ್ದ ಕರಿಕಲ್ಲೊಂದನ್ನಿಟ್ಟು, ಇದಕ್ಕೂ ಅದಕ್ಕೂ ಸಂಬಂಧವೇನೆಂದು ಕೇಳಿರಿ. ಉತ್ತರವನ್ನು ನೀವೇ ಹೇಳುವ ಆತುರ ಬೇಡ.