ಹಿಟ್ಟಿನ ಕೋಳಿಯೂ ದುಷ್ಟ ಪಾತ್ರವೂ

ರಿಚರ್ಡ್ಸ್ ಟೌನಿನಲ್ಲಿ, ಪಾರ್ಕಿಗೆ ಸಮೀಪದ ಹಳೆಯ ಮನೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ಆರು ಮಂದಿ ಯುವಕ ಯುವತಿಯರು ಊಟದ ಮೇಜಿನ ಸುತ್ತ ಕುಳಿತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಕಲ್ಪಿಸಿಕೊಂಡು ಅದರ ಮಾತನ್ನು ತಾವೇ ಆಡುತ್ತಾರೆ. ಡಂಜನ್ ಮಾಸ್ಟರ್ ಎನಿಸಿಕೊಂಡವನು ಕಥೆಯನ್ನು ನಡೆಸುತ್ತಾನೆ. ಫಲ ಸಂದಿಗ್ಧವಾದಲ್ಲಿ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಆ ಆರು ಮಂದಿಯಲ್ಲಿ ಒಬ್ಬಳು ಹಳಗನ್ನಡ ಓದಲು ನನ್ನಲ್ಲಿಗೆ ಬರುವ ಸಂಶೋಧನ ವಿದ್ಯಾರ್ಥಿನಿ.

ಕಳೆದ ತಿಂಗಳು ಆ ಮೇಜಿನಲ್ಲಿ ಜಗಳವಾಯಿತು. ದುಷ್ಟ ಪಾತ್ರವನ್ನು ವಹಿಸಿದ್ದ ಹುಡುಗನೊಬ್ಬ, ಸಂಗಡಿಗರು ತಿಂಗಳುಗಟ್ಟಲೆ ಆಡಿ ಸಂಪಾದಿಸಿದ್ದನ್ನೆಲ್ಲ ಒಂದು ರಾತ್ರಿ ಕದ್ದು ಶತ್ರುವಿಗೆ ಒಪ್ಪಿಸಿದ. ಒಬ್ಬಳು ಅಳುತ್ತ ಎದ್ದುಹೋದಳು. ಕೇಳಿದ್ದಕ್ಕೆ ಅವನ ಉತ್ತರ: “ನಾನೇನು ಮಾಡಲಿ? ನನ್ನ ಪಾತ್ರವೇ ಅಂಥದು.” ಮುಂದಿನ ವಾರ ಮನೆಯವರು ನಿಯಮ ಮಾಡಿದರು: ಇನ್ನು ಈ ಮೇಜಿನಲ್ಲಿ ದುಷ್ಟ ಪಾತ್ರಗಳಿಗೆ ಎಡೆಯಿಲ್ಲ. ವಿದ್ಯಾರ್ಥಿನಿ ನನ್ನನ್ನು ಕೇಳಿದಳು: “ಸರ್, ಹಿಟ್ಟಿನ ಕೋಳಿಯನ್ನು ಕಡಿದದ್ದೂ ಪಾಪ ಎಂದು ಜನ್ನನ ಪಾಠದಲ್ಲಿ ನೀವೇ ಹೇಳಿದಿರಿ. ಹಾಗಾದರೆ ಆಟದ ಕೊಲೆಯೂ ಕೊಲೆಯೇ ಅಲ್ಲವೇ? ನಿಷೇಧ ಸರಿಯಲ್ಲವೇ?”

ನಿಷೇಧ ಸರಿಯಲ್ಲ. ಆ ಹುಡುಗನ ಸಮರ್ಥನೆಯೂ ಸರಿಯಲ್ಲ. ಎರಡರ ಬೇರೂ ಒಂದೇ: ದುಷ್ಟತನವಿರುವುದು ಪಾತ್ರದಲ್ಲಿ ಎಂಬ ನಂಬಿಕೆ. ಆ ನಂಬಿಕೆಯನ್ನು ಹಿಡಿದೇ ಮನೆಯವರು ಪಾತ್ರವನ್ನು ಹೊರಗಟ್ಟಿದರು. ಅದನ್ನೇ ಹಿಡಿದು ಹುಡುಗ ಪಾತ್ರದ ಮರೆಯಲ್ಲಿ ನಿಂತ.

ಈ ನಂಬಿಕೆಯನ್ನು ಕಲಿಸಿದ್ದು ಬಹುಮಟ್ಟಿಗೆ ಆ ಆಟವೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಅದನ್ನು ಪ್ರಕಟಿಸಿದಾಗ ಪಾತ್ರಗಳಿಗೆ ವ್ಯವಸ್ಥೆ, ತಾಟಸ್ಥ್ಯ, ಅವ್ಯವಸ್ಥೆ ಎಂಬ ಮೂರೇ ಪಕ್ಷಗಳಿದ್ದವು. ಆ ದಶಕ ಮುಗಿಯುವಷ್ಟರಲ್ಲಿ ಒಳಿತು ಕೆಡುಕುಗಳೂ ಸೇರಿ ಒಂಬತ್ತು ಮನೆಗಳ ಪಟ್ಟಿ ಸಿದ್ಧವಾಯಿತು. ಅದಕ್ಕೆ ‘ಅಲೈನ್‌ಮೆಂಟ್’ ಎಂದು ಹೆಸರು. 1980ರ ದಶಕದಲ್ಲಿ ಅಲ್ಲಿನ ಕೆಲವು ಧಾರ್ಮಿಕ ಗುಂಪುಗಳು ಈ ಆಟ ಮಕ್ಕಳನ್ನು ಸೈತಾನನ ಕಡೆಗೆ ಒಯ್ಯುತ್ತದೆಂದು ಗದ್ದಲವೆಬ್ಬಿಸಿದವು. 1989ರ ಆವೃತ್ತಿಯಿಂದ ಕೊಲೆಗಡುಕನ ಪಾತ್ರವರ್ಗವೇ ಮಾಯವಾಯಿತು. ಕತ್ತಿ ಹಿಡಿದು ಗುಹೆಗೆ ನುಗ್ಗಿ, ಅಲ್ಲಿದ್ದವರನ್ನು ಕೊಂದು, ನಿಧಿ ಹೊತ್ತು ಬರುವ ಕಥಾಕ್ರಮ ಮಾತ್ರ ಹಾಗೆಯೇ ಉಳಿಯಿತು.

ನಿಷೇಧವಾದಿಗಳನ್ನು ನಾನು ಕೇಳುವ ಮೊದಲ ಪ್ರಶ್ನೆ ಇದು. ಹಾಳೆಯ ಮೇಲೆ ‘ಒಳ್ಳೆಯವ’ ಎಂದು ಬರೆದುಕೊಂಡವನು ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಜೀವ ತೆಗೆದರೆ ನಿಮ್ಮ ನಿಯಮಕ್ಕೆ ಭಂಗವಿಲ್ಲ. ‘ದುಷ್ಟ’ ಎಂದು ಬರೆದುಕೊಂಡವನು ಒಂದು ಸುಳ್ಳು ಹೇಳಿದರೆ ಭಂಗ. ಇದು ಯಾವ ನ್ಯಾಯ? ನಮ್ಮ ಜೈನ ರಾಮಕಥೆ ಇಂಥ ರಿಯಾಯಿತಿಯನ್ನು ಯಾರಿಗೂ ಕೊಡಲಿಲ್ಲ. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣ ಪ್ರತಿವಾಸುದೇವ, ಲಕ್ಷ್ಮಣ ವಾಸುದೇವ. ಸತ್ತ ರಾವಣ ನರಕಕ್ಕೆ ಹೋಗುತ್ತಾನೆ, ಕೊಂದ ಲಕ್ಷ್ಮಣನೂ ನರಕಕ್ಕೆ ಹೋಗುತ್ತಾನೆ. ಕೈಯಲ್ಲಿ ಹಿಂಸೆಯಿಲ್ಲದ ರಾಮನಿಗೆ ಮಾತ್ರ ಮೋಕ್ಷ. ಪಕ್ಷ ಯಾವುದೆಂಬುದರಿಂದ ಕರ್ಮದ ಲೆಕ್ಕ ಬದಲಾಗುವುದಿಲ್ಲ.

ಇನ್ನು ದುಷ್ಟನ ಬಾಯಿಂದ ಮಾತನಾಡುವ ವಿಷಯ. ಅದು ಕೂಡದೆಂದರೆ ಕನ್ನಡ ಸಾಹಿತ್ಯದ ಎಷ್ಟು ಭಾಗ ಉಳಿದೀತು? ನಾಗಚಂದ್ರನು ‘ರಾಮಚಂದ್ರಚರಿತ ಪುರಾಣ’ದಲ್ಲಿ ಪರಾಂಗನಾವಿರತಿ ವ್ರತ ತೊಟ್ಟ ರಾವಣನನ್ನು ಚಿತ್ರಿಸಿದ್ದಾನೆ. ತನ್ನ ಮಾತು ಕೇಳಿ ಸೀತೆ ಮೂರ್ಛೆ ಹೋದಾಗ ಆ ರಾವಣನ ಮನಸ್ಸು ತಿರುಗುತ್ತದೆ. ಆದರೂ ಈಗಲೇ ಒಪ್ಪಿಸಿದರೆ ಹೆದರಿದನೆಂದಾರೆಂದು, ಗೆದ್ದ ಮೇಲೆ ಒಪ್ಪಿಸುವೆನೆಂದು ಯುದ್ಧಕ್ಕೆ ನಡೆಯುತ್ತಾನೆ. ಅವನನ್ನು ಕೊಲ್ಲುವುದು ಕಾಮಕ್ಕಿಂತ ಹೆಚ್ಚಾಗಿ ಮಾನಕಷಾಯ. ಒಳಗಿನಿಂದ ನೋಡದ ಕವಿಗೆ ಈ ಸೂಕ್ಷ್ಮ ಸಿಕ್ಕುತ್ತಿರಲಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಭೀಮ ಕಥಾನಾಯಕ, ಕವಿಯ ಆಶ್ರಯದಾತನಿಗೆ ಸಮೀಕೃತನಾದವನು. ಆದರೆ ಹೆಣಗಳ ನಡುವೆ ಒಂಟಿಯಾಗಿ ನಡೆದು, ಗುರುವಿಗೆ, ತಮ್ಮನಿಗೆ, ಮಗನಿಗೆ, ಕರ್ಣನಿಗೆ ಕಣ್ಣೀರಿಟ್ಟು, ಶತ್ರುಪಕ್ಷದ ಅಭಿಮನ್ಯುವಿಗೂ ಕೈಮುಗಿಯುವವನು ದುರ್ಯೋಧನ. ಬಿ.ಎಂ.ಶ್ರೀ ಅದೇ ಕಾವ್ಯವನ್ನು ದುರಂತ ನಾಟಕವಾಗಿ ರೂಪಿಸಿದ್ದು ಆಕಸ್ಮಿಕವಲ್ಲ.

ಮೇಜಿನ ಆಟಕ್ಕೆ ಕಾವ್ಯಕ್ಕಿಂತ ಹತ್ತಿರದ ಬಂಧು ನಮ್ಮ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರ ಪದ್ಯದ ಬೆನ್ನಿಗೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ವಾದಿಸುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ ಮುಂತಾದ ಪ್ರತಿನಾಯಕರ ಅರ್ಥಕ್ಕೇ ಹೆಸರಾದವರು. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ ಅರ್ಥಧಾರಿ ಸಮರ್ಥನಾಗಿದ್ದರೆ ರಾಮನ ಪಾತ್ರಧಾರಿಗೆ ಬೆವರಿಳಿಯುತ್ತದೆ. ವಾಲಿ ವಾದದಲ್ಲಿ ಗೆಲ್ಲಬಹುದು, ಪ್ರಸಂಗದಲ್ಲಿ ಸಾಯಲೇಬೇಕು. ಮಾತಿನ ಸ್ವಾತಂತ್ರ್ಯ ಪೂರ್ಣ, ಫಲದಿಂದ ತಪ್ಪಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ. ಮೇಜಿನ ಆಟದಲ್ಲಿ ಕೊನೆ ಮೊದಲೇ ಗೊತ್ತಿರುವುದಿಲ್ಲ, ನಿಜ. ಆದ್ದರಿಂದಲೇ ಅಲ್ಲಿ ಡಂಜನ್ ಮಾಸ್ಟರಿಗೆ ಭಾಗವತರಿಗಿಂತ ಹೆಚ್ಚಿನ ಹೊಣೆ: ದುಷ್ಟನು ಮಾಡಿದ್ದರ ಫಲ ಕಥೆಯೊಳಗೆ ಅವನನ್ನು ಅಟ್ಟಿಸಿಕೊಂಡು ಬರುವಂತೆ ನೋಡಿಕೊಳ್ಳುವುದು.

ಈಗ ವಿದ್ಯಾರ್ಥಿನಿ ಎತ್ತಿದ ಆಕ್ಷೇಪಕ್ಕೆ ಬರುತ್ತೇನೆ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಎದುರಾಳಿಯಿಲ್ಲ. ಜನ್ನನ ‘ಯಶೋಧರ ಚರಿತೆ’ (1209) ಹೇಳುವುದೇನು? ಕೆಟ್ಟ ಕನಸಿನ ಪರಿಹಾರಕ್ಕೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಂದವಾಗುತ್ತದೆ. ಖಡ್ಗ ತಾಗಿದಾಗ ಆ ಕೋಳಿ ಕೂಗುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಿಸಿಕೊಳ್ಳುತ್ತಾರೆ. ಜೀವಹಾನಿಯಿಲ್ಲದಿದ್ದರೂ ಸಂಕಲ್ಪ ಮಾತ್ರದಿಂದ ಹಿಂಸೆ ಪೂರ್ಣವಾಗುತ್ತದೆ. “ಇದು ಬರೀ ಆಟ” ಎನ್ನುವವರಿಗೆ ಜನ್ನ ಎಂಟು ನೂರು ವರ್ಷಗಳ ಹಿಂದೆಯೇ ಉತ್ತರಿಸಿದ್ದಾನೆ. ಆ ಉತ್ತರವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಆದರೆ ಯಶೋಧರ ಆಡುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೋಳಿ ಹುಸಿ, ದೇವತೆಗೆ ಬಲಿ ಕೊಟ್ಟು ಫಲ ಪಡೆಯುವ ಬಯಕೆ ನಿಜ. ಕೊಲೆಯ ಲಾಭ ಬೇಕು, ಕೊಲೆಯ ಕಳಂಕ ಬೇಡ ಎಂದು ಕರ್ಮದೊಡನೆ ಅವನು ಚೌಕಾಸಿಗಿಳಿದ. ವಾಲಿಯ ಅರ್ಥ ಹೇಳುವವನಿಗೆ ಸುಗ್ರೀವನ ಹೆಂಡತಿ ಬೇಕಿಲ್ಲ. ರಾವಣನಾದವನು ರಾತ್ರಿ ಮನೆಗೆ ಹೋಗುವಾಗ ಸೀತೆಯನ್ನು ಒಯ್ಯುವುದಿಲ್ಲ. ಅಲ್ಲಿ ಕೃತ್ಯವೂ ಕಲ್ಪಿತ, ಬಯಕೆಯೂ ಕಲ್ಪಿತ. ಹಿಂಸೆಗೆ ಪ್ರಮತ್ತಯೋಗವೇ ಮೂಲವೆಂದು ಉಮಾಸ್ವಾತಿಗಳು ಹೇಳಿದ್ದನ್ನು ಒಪ್ಪುವವರು ಹುಡುಕಬೇಕಾದದ್ದು ಆ ಪ್ರಮತ್ತತೆಯನ್ನು.

ಅದು ರಿಚರ್ಡ್ಸ್ ಟೌನಿನ ಮೇಜಿನಲ್ಲಿ ಇತ್ತು. ಆ ಹುಡುಗನ ಪಾತ್ರ ಕದ್ದದ್ದು ಕಲ್ಪಿತ ಹೊನ್ನು. ಹುಡುಗ ಬಯಸಿದ್ದು ಎದುರಿಗೆ ಕುಳಿತ ಗೆಳತಿಯ ಪೆಚ್ಚುಮೋರೆಯನ್ನು, ಅದು ನಿಜವಾದದ್ದು. ಕೋಳಿ ಹಿಟ್ಟಿನದು, ಖಡ್ಗ ಉಕ್ಕಿನದು. ತಾಳಮದ್ದಳೆಯಲ್ಲೂ ಅರ್ಥಧಾರಿ ಪಾತ್ರವನ್ನು ಬಿಟ್ಟು ಎದುರಿನ ವ್ಯಕ್ತಿಯನ್ನೇ ಚುಚ್ಚತೊಡಗಿದರೆ ಸಭೆ ಅದನ್ನು ಕೂಡಲೇ ಗುರುತಿಸುತ್ತದೆ. ರಸ ಅಲ್ಲಿಗೇ ಕೆಡುತ್ತದೆ. “ಪಾತ್ರವೇ ಅಂಥದು” ಎಂಬ ಸಬೂಬು ಯಶೋಧರನ “ಹಿಟ್ಟೇ ತಾನೆ” ಎಂಬ ಸಮಾಧಾನದ ಇನ್ನೊಂದು ರೂಪ.

ಒಂದು ಮಾತನ್ನು ನಿಷೇಧವಾದಿಗಳಿಗೆ ಬಿಟ್ಟುಕೊಡುತ್ತೇನೆ. ವಾರವಾರವೂ ಕ್ರೌರ್ಯವನ್ನು ಆಡಿದರೆ ಅದರ ಬಣ್ಣ ಮನಸ್ಸಿಗೆ ಹತ್ತಬಹುದು. ಹಿಂಸೆ, ಸುಳ್ಳು, ಕಳವುಗಳಲ್ಲಿ ಆನಂದಪಡುವುದನ್ನು ನಮ್ಮವರು ರೌದ್ರಧ್ಯಾನವೆಂದರು. ಕಲ್ಪನೆಯಲ್ಲಿ ಆನಂದಿಸಿದರೂ ಅದು ರೌದ್ರಧ್ಯಾನವೇ. ಆದರೆ ಇದನ್ನು ತಡೆಯಲು ಒಂಬತ್ತು ಮನೆಗಳ ಪಟ್ಟಿ ನಿರುಪಯುಕ್ತ. ಲೇಶ್ಯೆಯ ಕಲ್ಪನೆ ಬೇಕು. ನೇರಳೆಯ ಮರದ ಕಥೆ ಎಲ್ಲರಿಗೂ ಗೊತ್ತು: ಹಸಿದ ಆರು ಮಂದಿಯಲ್ಲಿ ಒಬ್ಬ ಮರವನ್ನು ಬುಡಸಹಿತ ಕಡಿಯೋಣವೆನ್ನುತ್ತಾನೆ, ಕೊನೆಯವನು ಉದುರಿದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಹಸಿವು ಎಲ್ಲರದೂ ಒಂದೇ. ಕೃಷ್ಣದಿಂದ ಶುಕ್ಲದವರೆಗೆ ಭಾವದ ಬಣ್ಣ ಬೇರೆ. ಆ ಬಣ್ಣ ಹಾಳೆಯ ಮೇಲೆ ಒಮ್ಮೆ ಬರೆದಿಟ್ಟದ್ದಲ್ಲ, ಭಾವದೊಡನೆ ಬದಲಾಗುವಂಥದು. ಪಾತ್ರಕ್ಕೂ ಆಟಗಾರನಿಗೂ ಕೇಳಬೇಕಾದ ಪ್ರಶ್ನೆ ಅದೇ: ಈ ಗಳಿಗೆಯಲ್ಲಿ ನಿನ್ನ ಬಣ್ಣ ಯಾವುದು?

ದುಷ್ಟನನ್ನು ಎಂದೂ ಒಳಗಿನಿಂದ ಕಾಣದವನು ತನ್ನೊಳಗಿನ ದುಷ್ಟನನ್ನೂ ಗುರುತಿಸಲಾರ. ಸದಾ ಒಳ್ಳೆಯವರ ಪಾತ್ರವನ್ನೇ ಆಡಿದವರು ತಮ್ಮ ಖಡ್ಗವನ್ನು ಪ್ರಶ್ನಿಸುವ ಅಭ್ಯಾಸ ಕಳೆದುಕೊಳ್ಳುತ್ತಾರೆಂಬುದೇ ನನ್ನ ಭಯ.

ವಿದ್ಯಾರ್ಥಿನಿಗೆ ಹೇಳಿದ್ದು ಇಷ್ಟು. ನಿಯಮವನ್ನು ಅಳಿಸಿ. ಆ ಹುಡುಗನನ್ನು ಮತ್ತೆ ಕರೆಯಿರಿ. ಅವನು ತನ್ನ ಹೆಸರಿನಲ್ಲೇ, ಪಾತ್ರದ ಹೆಸರಿನಲ್ಲಲ್ಲ, ಗೆಳತಿಯ ಕ್ಷಮೆ ಕೇಳಲಿ. ಅದಾದ ಮೇಲೆ ಅವನಿಗೆ ಮತ್ತೊಂದು ದುಷ್ಟ ಪಾತ್ರ ಕೊಡಿ; ಈ ಸಲ ಅದನ್ನು ಸರಿಯಾಗಿ ಆಡಲಿ.