ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೇ?

ಹುಡುಗನೊಬ್ಬ ಬಾಗಿಲು ದಾಟುವಾಗ ತಲೆ ಬಗ್ಗಿಸಿದನೆಂದರೆ ಸಾಕು, "ಇವನನ್ನು ಬಾಸ್ಕೆಟ್‌ಬಾಲ್‌ಗೆ ಸೇರಿಸಿ" ಎಂದು ಬಂಧುಗಳೆಲ್ಲ ಸಲಹೆ ನೀಡುವುದು ವಾಡಿಕೆ. ಅಂತಹ ಸಲಹೆಯನ್ನು ನಾನೂ ಒಮ್ಮೆ ಕೊಟ್ಟವನೇ. ಬೇಗಂಪೇಟೆಯಲ್ಲಿ ನಮ್ಮ ನೆರೆಯ ಕನ್ನಡ ಕುಟುಂಬವೊಂದರ ಬಾಲಕ ಹದಿಮೂರನೆಯ ವಯಸ್ಸಿಗೇ ಆರಡಿ ಮುಟ್ಟಿದ್ದ. "ಇವನು ಏಳಡಿಯವನಾಗುತ್ತಾನೆ, ಓದು ಸ್ವಲ್ಪ ಹಿಂದಾದರೂ ಚಿಂತೆಯಿಲ್ಲ" ಎಂದು ಅವನ ತಂದೆಯವರಿಗೆ ಧೈರ್ಯವಾಗಿ ಹೇಳಿದೆ. ಹುಡುಗ ಆರಡಿ ಒಂದಂಗುಲಕ್ಕೇ ನಿಂತ. ಎಳೆಯ ವಯಸ್ಸಿನಲ್ಲಿ ಬುಟ್ಟಿಯ ಕೆಳಗೇ ನಿಂತು ಆಡಿದ್ದರಿಂದ ಚೆಂಡನ್ನು ಪುಟಿಸುತ್ತ ಓಡುವುದನ್ನೂ ಕಲಿತಿರಲಿಲ್ಲ. ಆಟವೂ ಕೈಬಿಟ್ಟಿತು, ಓದೂ ಹಿಂದುಳಿಯಿತು. ಈ ಲೇಖನವು ಒಂದು ಬಗೆಯ ಪ್ರಾಯಶ್ಚಿತ್ತವೆಂದೇ ಓದುಗರು ಭಾವಿಸಬಹುದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಎಲ್ಲೆಡೆಯೂ ಸಲ್ಲುವುದಿಲ್ಲ. ಬೇಗನೆ ಮೀಸೆ ಮೂಡಿದವನ ಬೆಳವಣಿಗೆ ಬೇಗನೆ ಮುಗಿಯುವುದೂ ಉಂಟು. ತಡವಾಗಿ ಚಿಗುರಿದವನು ಇಪ್ಪತ್ತರ ಹತ್ತಿರದವರೆಗೂ ಬೆಳೆಯುವುದುಂಟು. ತಂದೆತಾಯಿಯರ ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಕೂಡಿಸಿ, ಗಂಡುಮಗನಾದರೆ 13 ಸೇರಿಸಿ, ಮಗಳಾದರೆ 13 ಕಳೆದು, ಅರ್ಧ ಮಾಡಿದರೆ ಒಂದು ಅಂದಾಜು ದೊರೆಯುತ್ತದೆ. ಇದರಲ್ಲಿ ಎಂಟು ಹತ್ತು ಸೆಂಟಿಮೀಟರುಗಳ ಏರಿಳಿತ ಸಹಜ. ಎಡಗೈಯ ಕ್ಷ-ಕಿರಣ ಚಿತ್ರದಿಂದ ಮೂಳೆಯ ವಯಸ್ಸನ್ನು ತಿಳಿದು ವೈದ್ಯರು ಇನ್ನಷ್ಟು ಸರಿಯಾಗಿ ಊಹಿಸಬಲ್ಲರು. ಆದರೂ ಅದು ಊಹೆಯೇ ಹೊರತು ಭವಿಷ್ಯವಾಣಿಯಲ್ಲ.

ಹಾಗಾದರೆ ನೋಡಬೇಕಾದುದು ಏನನ್ನು? ನನ್ನ ಅಭಿಪ್ರಾಯದಲ್ಲಿ ಕೈ, ಕಾಲು ಮತ್ತು ಕಲಿಯುವ ವೇಗ. ವೇಗವಾಗಿ ಬಂದ ಚೆಂಡು ಅವನ ಕೈಯಲ್ಲಿ ನಿಲ್ಲುವುದೇ? ಎಡವದೆ ದಿಕ್ಕು ಬದಲಿಸಬಲ್ಲನೇ? ಯಾರೂ ತಡೆಯದೆ ಎಸೆಯುವ ಫ್ರೀ ಥ್ರೋದಲ್ಲಿ ಬೆರಳಿನ ಮೃದುತ್ವ ಕಾಣುವುದೇ? ಮೂರು ತಿಂಗಳ ಹಿಂದೆ ಬಾರದಿದ್ದುದು ಇಂದು ಬರುತ್ತಿದೆಯೇ? ನೈಜೀರಿಯಾದ ಹಕೀಮ್ ಒಲಜುವಾನ್ ಹ್ಯಾಂಡ್‌ಬಾಲ್, ಫುಟ್‌ಬಾಲ್ ಆಡಿಕೊಂಡಿದ್ದು ಹದಿಹರೆಯದಲ್ಲಿ ತಡವಾಗಿ ಈ ಆಟಕ್ಕೆ ಬಂದವರು. ಅವರ ಪಾದಗಳ ಚಳಕಕ್ಕೆ ಆ ಆಟಗಳೇ ತಳಹದಿ. 1984ರಲ್ಲಿ ಅಮೆರಿಕದ ಎನ್.ಬಿ.ಎ. ಆಯ್ಕೆಯಲ್ಲಿ ಅವರದೇ ಮೊದಲ ಹೆಸರು. ಆಂಟನಿ ಡೇವಿಸ್ ಪ್ರೌಢಶಾಲೆಯಲ್ಲಿ ಮೊದಲು ಗಿಡ್ಡ ಆಟಗಾರರ ಸ್ಥಾನದಲ್ಲಿದ್ದು, ಬಳಿಕ ಸುಮಾರು 8 ಅಂಗುಲ ಬೆಳೆದರು. ಮೊದಲು ಕಲಿತ ಚೆಂಡಿನ ಹಿಡಿತ ಉಳಿಯಿತು. 2012ರಲ್ಲಿ ಅವರೂ ಮೊದಲನೆಯವರಾಗಿ ಆಯ್ಕೆಯಾದರು.

ನಮ್ಮ ದೇಶದ ಉದಾಹರಣೆಯೂ ಇದೆ. ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಮೀರಿದ ಯುವಕ, ಲೂಧಿಯಾನದಲ್ಲಿ ಅಭ್ಯಾಸ ಮಾಡಿ 2010ರಲ್ಲಿ ಫ್ಲಾರಿಡಾಕ್ಕೆ ಹೋದರು. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಆ ಗೌರವ ಪಡೆದ ಮೊದಲಿಗರು ಅವರು. ಆದರೆ ಎನ್.ಬಿ.ಎ.ಯ ಒಂದು ಪಂದ್ಯದಲ್ಲಿಯೂ ಆಡುವ ಯೋಗ ಒದಗಲಿಲ್ಲ. ಎತ್ತರದವನೂ ದೂರದಿಂದ ಎಸೆಯಬೇಕು, ಚುರುಕಾದವರನ್ನು ಹೊರಗೆ ತಡೆಯಬೇಕು ಎಂಬ ಕಾಲ ಆಗಲೇ ಬಂದಿತ್ತು. ಎತ್ತರ ಬಾಗಿಲು ತೆರೆಯುತ್ತದೆ. ಒಳಗೆ ಕುಳ್ಳಿರಿಸುವುದು ವಿದ್ಯೆಯೇ.

ಆರೋಗ್ಯದ ಮಾತನ್ನು ಕಡೆಗಣಿಸಲಾಗದು. ಬೇಗನೆ ಬೆಳೆಯುವ ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಬರುವುದು ಸಾಮಾನ್ಯ. ಅದನ್ನು ಸೋಮಾರಿತನವೆನ್ನದೆ ಆಟವನ್ನು ಕಡಿಮೆ ಮಾಡಿಸಬೇಕು. ಏಳೂವರೆ ಅಡಿ ಎತ್ತರದ ಚೀನಾದ ಯಾವ್ ಮಿಂಗ್ ಪಾದದ ಮೂಳೆಮುರಿತಗಳಿಂದ 2011ರಲ್ಲಿ, ಮೂವತ್ತರ ವಯಸ್ಸಿಗೇ, ನಿವೃತ್ತರಾದರು. ಇದಕ್ಕಿಂತ ಗಂಭೀರವಾದುದು ಮಾರ್ಫಾನ್ ಎಂಬ ವಂಶವಾಹಿ ವ್ಯಾಧಿ. ಎತ್ತರಕ್ಕಿಂತ ಹೆಚ್ಚು ಉದ್ದದ ತೋಳಳತೆ, ನೀಳ ಬೆರಳುಗಳು, ಕಣ್ಣಿನ ದೋಷ, ಎದೆಗೂಡಿನ ವಕ್ರತೆ ಇದರ ಕುರುಹುಗಳು. ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗಿ ಒಡೆಯುವ ಅಪಾಯವಿರುತ್ತದೆ. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡುದು ಇದರಿಂದಲೇ. 2014ರಲ್ಲಿ ಐಸಾಯಾ ಆಸ್ಟಿನ್ ಎಂಬ ಯುವಕನಿಗೆ ಎನ್.ಬಿ.ಎ. ಆಯ್ಕೆಗೆ ಮುನ್ನ ನಡೆದ ತಪಾಸಣೆಯಲ್ಲಿ ಈ ದೋಷ ಪತ್ತೆಯಾಯಿತು. ಆದುದರಿಂದ ಅಸಾಧಾರಣ ಎತ್ತರದ ಮಗುವನ್ನು ಮೈದಾನಕ್ಕೆ ಕಳುಹಿಸುವ ಮುನ್ನ ಒಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸುವುದು ವಿವೇಕ. ಜೊತೆಗೆ ಒಳ್ಳೆಯ ನಿದ್ರೆ, ಹಾಲು, ಬೇಳೆ, ನಮ್ಮ ರಾಗಿ ಬೇಕು. ಸುಣ್ಣದ ಅಂಶದಲ್ಲಿ ರಾಗಿಗೆ ಸಮನಾದ ಧಾನ್ಯ ಅಪರೂಪವೆಂದು ಮೈಸೂರು ಸೀಮೆಯಿಂದ ಬಂದವರಿಗೆ ಹೇಳಬೇಕಾಗಿಲ್ಲ.

ಇದೇ ಬೇಗಂಪೇಟೆಯಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುತ್ತ ಕುಳಿತು, ಕೊನೆಗೆ ಒಂದರ ಜಠರದಲ್ಲಿ ಮಲೇರಿಯಾದ ಜೀವಾಣುವನ್ನು ಕಂಡರು. ಮೇಲಿನಿಂದ ಒಮ್ಮೆ ನೋಡಿ ತೀರ್ಪು ಕೊಡುವವನಿಗೆ ಅದು ಕಾಣುತ್ತಿರಲಿಲ್ಲ. ಮಕ್ಕಳನ್ನು ನೋಡುವುದಕ್ಕೂ ಅಂತಹ ತಾಳ್ಮೆ ಬೇಕು. ಹದಿನೆಂಟು ತುಂಬುವವರೆಗೆ ಯಾರನ್ನೂ "ಆದವನು" ಎನ್ನುವುದೂ ಬೇಡ, "ಆಗದವನು" ಎನ್ನುವುದೂ ಬೇಡ. ಎತ್ತರದವನಿಗೆ ಗಿಡ್ಡವನ ಆಟವನ್ನೂ ಕಲಿಸೋಣ. ಪುಸ್ತಕವನ್ನು ಮಾತ್ರ ಅವನ ಕೈಯಿಂದ ಕಸಿಯದಿರೋಣ. ನನ್ನ ನೆರೆಮನೆಯ ಆ ಹುಡುಗನಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ.