ಗೇರಿನಲ್ಲಿ ನಿಂತ ಕಾರಿಗೆ ದೂರದಿಂದ ಅಪ್ಪಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ತೋಟವುಳ್ಳವರಿಗೆ ಮೊಬೈಲ್ ಸ್ಟಾರ್ಟರ್ ಎಂಬುದು ಹೊಸ ಸಂಗತಿಯೇನೂ ಅಲ್ಲ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೂ ಟಾರ್ಚು ಹಿಡಿದು ತೋಟಕ್ಕೆ ನಡೆಯಬೇಕಾದ ಕಷ್ಟ ಅನೇಕರಿಗೆ ತಪ್ಪಿದೆ. ಮನೆಯಲ್ಲಿ ಕುಳಿತು ಒಂದು ಕರೆ ಮಾಡಿದರೆ ಕೊಳವೆ ಬಾವಿಯ ಪಂಪು ಚಾಲೂ ಆಗುತ್ತದೆ. ವಿಜ್ಞಾನವು ರೈತನಿಗೆ ಮಾಡಿರುವ ಉಪಕಾರಗಳಲ್ಲಿ ಇದೂ ಒಂದೆಂದು ನಾವು ಸಂತೋಷದಿಂದ ಒಪ್ಪುತ್ತೇವೆ.

ಈ ಅನುಕೂಲವನ್ನು ಕಂಡ ನಮ್ಮ ಪರಿಚಿತರೊಬ್ಬರು ಕಳೆದ ಬೇಸಗೆಯಲ್ಲಿ ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಪಂಪಿಗೆ ಆಗುವುದು ಕಾರಿಗೆ ಏಕೆ ಆಗಬಾರದು?” ಎಂದು ಕೇಳಿದರು. ಅವರದು ಕೈಯಿಂದ ಗೇರು ಬದಲಿಸುವ ಹಳೆಯ ಕಾರು. ಬಿಸಿಲಿನಲ್ಲಿ ನಿಂತು ಕಾದ ಕಾರನ್ನು, ತಾವು ಹತ್ತುವ ಮೊದಲೇ, ದೂರದಿಂದ ಚಾಲೂ ಮಾಡಿ ತಂಪುಗೊಳಿಸಬೇಕೆಂಬುದು ಅವರ ಆಸೆ. ಕ್ಲಚ್ಚಿನ ಸ್ವಿಚ್ಚಿನ ಎರಡು ತಂತಿಗಳನ್ನು ಒಂದುಗೂಡಿಸಿಬಿಟ್ಟರೆ ಅರ್ಧ ದಿನದ ಕೆಲಸವೆಂದು ಮೆಕ್ಯಾನಿಕ್ಕನೊಬ್ಬನು ಅವರಿಗೆ ಭರವಸೆ ಕೊಟ್ಟಿದ್ದನಂತೆ. ಆ ಎರಡು ತಂತಿಗಳ ವಿಷಯವಾಗಿಯೇ ನಾವು ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲು ಪಂಪನ್ನೇ ನೋಡೋಣ. ಒಳ್ಳೆಯ ಮೊಬೈಲ್ ಸ್ಟಾರ್ಟರ್ ಬಂದ ಕರೆಗೆಲ್ಲ ಕುರುಡಾಗಿ ಓಗೊಡುವುದಿಲ್ಲ. ಮೂರು ಫೇಸುಗಳೂ ಇವೆಯೇ, ವೋಲ್ಟೇಜು ಸಾಕಷ್ಟಿದೆಯೇ ಎಂಬುದನ್ನು ಪರೀಕ್ಷಿಸುತ್ತದೆ. ನೀರಿಲ್ಲದೆ ಪಂಪು ಒಣಗಿ ತಿರುಗತೊಡಗಿದರೆ ನಿಲ್ಲಿಸುತ್ತದೆ. ಅಂದರೆ, ಮನುಷ್ಯನು ಎದುರಿನಲ್ಲಿದ್ದು ನೋಡುತ್ತಿದ್ದುದನ್ನು ಯಂತ್ರವು ಅವನ ಬದಲಾಗಿ ನೋಡುತ್ತದೆ. ಕೈಯನ್ನು ದೂರಕ್ಕೆ ಒಯ್ದವರು ಕಣ್ಣನ್ನು ಸ್ಥಳದಲ್ಲಿಯೇ ಬಿಟ್ಟಿರಬೇಕು. ದೂರನಿಯಂತ್ರಣದ ಮೂಲಸೂತ್ರವೇ ಇದು. ಅಷ್ಟಾದರೂ ಪಂಪಿಗೆ ಚಕ್ರಗಳಿಲ್ಲ. ಅದು ಕೆಟ್ಟರೆ ವೈಂಡಿಂಗ್ ಸುಟ್ಟೀತೇ ಹೊರತು ಬಾವಿಯಿಂದೆದ್ದು ಯಾರ ಮೇಲೂ ಬರುವುದಿಲ್ಲ.

ಕಾರಿನ ಮಾತು ಬೇರೆ. ಹಿಂದೆ ಹ್ಯಾಂಡಲ್ ತಿರುಗಿಸಿ ಕಾರುಗಳನ್ನು ಚಾಲೂ ಮಾಡುತ್ತಿದ್ದ ಕಾಲದಲ್ಲಿ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈಮೂಳೆ ಮುರಿಯುತ್ತಿದ್ದುದುಂಟು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಅಪಾಯ ಕ್ರಮೇಣ ದೂರವಾಯಿತು. ಆದರೆ ಚಾಲಕನು ತನ್ನ ಆಸನದಲ್ಲಿ ಕುಳಿತೇ ಕಾರನ್ನು ಚಾಲೂ ಮಾಡುವ ಪದ್ಧತಿ ಉಳಿಯಿತು. ಅವನು ಎಡಗಾಲಿನಿಂದ ಕ್ಲಚ್ಚನ್ನು ಒತ್ತುತ್ತಾನೆ, ಗೇರಿನ ಸನ್ನೆಯನ್ನು ಅಲುಗಿಸಿ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುತ್ತಾನೆ. ಇದು ಬರಿಯ ಅಭ್ಯಾಸವಲ್ಲ, ಒಂದು ಪರೀಕ್ಷೆ. ಕ್ಲಚ್ಚು ಒತ್ತದೆ ಸ್ಟಾರ್ಟರ್ ತಿರುಗದಂತೆ ಅನೇಕ ಕಾರುಗಳಲ್ಲಿ ಒಂದು ಸ್ವಿಚ್ಚನ್ನು ಇಟ್ಟಿರುವುದು ಈ ಪರೀಕ್ಷೆಯನ್ನು ಯಾರೂ ಮರೆಯದಿರಲೆಂದೇ. ಅದರ ತಂತಿಗಳನ್ನು ಒಂದುಗೂಡಿಸುವುದೆಂದರೆ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಇಳಿಜಾರಿನಲ್ಲಿ ಕಾರು ನಿಲ್ಲಿಸುವಾಗ ಅದನ್ನು ಗೇರಿನಲ್ಲಿ ಬಿಡಬೇಕೆಂದು ಚಾಲನೆ ಕಲಿಸುವವರು ನಮಗೆ ಹೇಳಿಕೊಡುತ್ತಾರೆ. ಅದು ಸರಿಯಾದ ಪಾಠವೇ. ಆದರೆ ಮೊದಲನೆಯ ಗೇರಿನಲ್ಲಿರುವ ಅದೇ ಕಾರಿಗೆ ದೂರದಿಂದ ಅಪ್ಪಣೆ ಕೊಟ್ಟರೆ ಏನಾಗುತ್ತದೆ? ಲೆಕ್ಕ ಹಾಕೋಣ. ಸ್ಟಾರ್ಟರ್ ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಸಣ್ಣ ಕಾರಿನ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದರೆ ಚಕ್ರವು ಒಂದು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 1.8 ಮೀಟರು. ಹ್ಯಾಂಡ್ ಬ್ರೇಕು ಹಿಡಿಯದಿದ್ದರೆ, ಎಂಜಿನ್ ಹೊತ್ತಿಕೊಳ್ಳುವ ಮುನ್ನವೇ, ಎರಡು ಸೆಕೆಂಡುಗಳಲ್ಲಿ ಕಾರು ಸುಮಾರು 85 ಸೆಂಟಿಮೀಟರು ಮುಂದೆ ಬಂದಿರುತ್ತದೆ. ಹೊತ್ತಿಕೊಂಡು 800 ಸುತ್ತಿನಲ್ಲಿ ಓಡತೊಡಗಿದರೆ ಗಂಟೆಗೆ 6 ಕಿಲೋಮೀಟರು ವೇಗದಲ್ಲಿ, ಬಿರುಸಾಗಿ ನಡೆಯುವ ಮನುಷ್ಯನಂತೆ, ತಾನೇ ಹೊರಡುತ್ತದೆ. ನಮ್ಮ ಪರಿಚಿತರ ಕಾರು ನಿಲ್ಲುವುದು ಕೊಬ್ಬರಿಯ ಅಟ್ಟದ ಕೆಳಗೆ. ಅದರ ಎದುರಿಗೇ ಕಾಯಿ ಸುಲಿಯುವವರು ಕುಳಿತಿರುತ್ತಾರೆ, ಮಕ್ಕಳು ಸಿಪ್ಪೆಯ ರಾಶಿಯ ಮೇಲೆ ಆಡುತ್ತಿರುತ್ತಾರೆ. ಅವರಿಗೆ 85 ಸೆಂಟಿಮೀಟರು ಅಲ್ಪ ದೂರವಲ್ಲ.

ಗೇರಿನ ಕಾರುಗಳಿಗಾಗಿಯೇ ತಯಾರಾದ ಕೆಲವು ರಿಮೋಟ್ ಸ್ಟಾರ್ಟರುಗಳಲ್ಲಿ ಇದಕ್ಕೆ ಪರಿಹಾರವುಂಟೆಂದು ಹೇಳದಿದ್ದರೆ ಅನ್ಯಾಯವಾದೀತು. ಆ ಉಪಾಯ ಜಾಣತನದ್ದು. ಚಾಲಕನು ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕು ಎಳೆದು, ಎಂಜಿನ್ ಓಡುತ್ತಿರುವಾಗಲೇ ಇಳಿದು ಬಾಗಿಲು ಹಾಕಬೇಕು. ಆ ಬಳಿಕ ಸಾಧನವೇ ಎಂಜಿನ್ನನ್ನು ನಿಲ್ಲಿಸುತ್ತದೆ. ಕ್ಲಚ್ಚಿನ ಮೇಲೆ ಯಾರ ಕಾಲೂ ಇಲ್ಲದೆ ಎಂಜಿನ್ ಓಡುತ್ತಿದ್ದು ಕಾರು ನಿಂತಿದೆಯೆಂದರೆ ಅದು ಗೇರಿನಲ್ಲಿಲ್ಲವೆಂಬುದು ಸಿದ್ಧವಾಯಿತಷ್ಟೆ. ಅನಂತರ ಯಾವುದಾದರೊಂದು ಬಾಗಿಲು ತೆರೆದರೂ ಈ ಸಾಕ್ಷ್ಯ ರದ್ದಾಗುತ್ತದೆ, ಸಾಧನವು ಚಾಲೂ ಮಾಡಲು ಒಪ್ಪುವುದಿಲ್ಲ. ತರ್ಕ ನಿರ್ದುಷ್ಟವಾಗಿದೆ, ಆದರೆ ಅದೆಲ್ಲವೂ ನಿಂತಿರುವುದು ಬಾಗಿಲಿನ ಪುಟ್ಟ ಸ್ವಿಚ್ಚುಗಳ ಮೇಲೆ. ಅವು ತುಕ್ಕು ಹಿಡಿದಿದ್ದರೆ, ಅಥವಾ ತೆರೆದ ಕಿಟಕಿಯಿಂದ ಮಗುವೊಂದು ಕೈಚಾಚಿ ಗೇರನ್ನು ತಳ್ಳಿದರೆ, ಆ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಆದುದರಿಂದ ಗೇರಿನ ಸನ್ನೆಯ ಬಳಿಯಲ್ಲೇ ನ್ಯೂಟ್ರಲನ್ನು ಗುರುತಿಸುವ ಸ್ವಿಚ್ಚೂ, ಹ್ಯಾಂಡ್ ಬ್ರೇಕಿನ ಸ್ವಿಚ್ಚೂ ಕೂಡಿಯೇ ಒಪ್ಪಿಗೆ ಕೊಡುವಂತಿರಬೇಕು. ಕಾರು ತಯಾರಾಗುವಾಗಲೇ ಇವುಗಳನ್ನು ಅಳವಡಿಸಿದ್ದರೆ ನಮ್ಮ ಆಕ್ಷೇಪಣೆ ಬಹುಮಟ್ಟಿಗೆ ಇಳಿಯುತ್ತದೆ.

ಇನ್ನೆರಡು ಸಂಗತಿಗಳುಂಟು. ಮುಚ್ಚಿದ ಕೊಟ್ಟಿಗೆಯಲ್ಲಿ ಯಾರೂ ನೋಡದಾಗ ಓಡುವ ಎಂಜಿನ್ ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿತದಿಂದ ಹಿಡಿಯುತ್ತದೆ. ಎರಡನೆಯದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕಾಸನದಲ್ಲಿ ಲೈಸೆನ್ಸುಳ್ಳವನು ಇರಬೇಕು. ಇಲ್ಲವಾದರೆ ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿಯೋ, ಬೇರೆ ಕ್ರಮ ಕೈಗೊಂಡೋ, ಅವನಿಲ್ಲದಾಗ ಅದು ಆಕಸ್ಮಿಕವಾಗಿ ಚಲಿಸದಂತೆ ಮಾಡಿರಬೇಕು. ಗೇರಿನ ಸ್ಥಿತಿಯನ್ನು ಅರಿಯದ ಸ್ಟಾರ್ಟರನ್ನು ಕಟ್ಟಿಕೊಂಡು ಮಾರುಕಟ್ಟೆಯ ಬೀದಿಯಲ್ಲಿ ಕಾರು ನಿಲ್ಲಿಸುವವರು ಈ ಮಾತನ್ನು ಮನನ ಮಾಡುವುದು ಒಳ್ಳೆಯದು.

ಹಾಗಾದರೆ ಸೆಕೆಗೆ ಏನು ಮಾಡಬೇಕು? ತೆಂಗಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿರೆಂದು ಸಲಹೆ ಕೊಡುವಷ್ಟು ಅವಿವೇಕ ಈ ಸೀಮೆಯ ಯಾರಿಗೂ ಇರಲಾರದು. ಹೊಂಗೆಯದೋ ಬೇವಿನದೋ ನೆರಳನ್ನು ನೋಡಿ ನಿಲ್ಲಿಸಬಹುದು. ಹತ್ತುವ ಮೊದಲು ನಾಲ್ಕು ಬಾಗಿಲುಗಳನ್ನೂ ಎರಡು ನಿಮಿಷ ತೆರೆದಿಟ್ಟರೆ ಒಳಗಿನ ಕಾದ ಗಾಳಿಯು ಹೊರಹೋಗುತ್ತದೆ. ಇದಕ್ಕೆ ಖರ್ಚಿಲ್ಲ, ಯಾರಿಗೂ ಅಪಾಯವಿಲ್ಲ.

ನಮ್ಮ ಪರಿಚಿತರು ಈ ಲೆಕ್ಕವನ್ನೆಲ್ಲ ಸಾವಧಾನವಾಗಿ ಕೇಳಿದರು. ಬಳಿಕ ಒಂದು ಟೇಪು ತರಿಸಿ, ಕಾರಿನ ಬಂಪರಿನಿಂದ ಕಾಯಿ ಸುಲಿಯುವ ಮಚ್ಚೆಯವರೆಗಿನ ದೂರವನ್ನು ತಾವೇ ಅಳೆದು ನೋಡಿದರು. ಅದು ಒಂದು ಮೀಟರಿಗೂ ಕಡಿಮೆಯಾಗಿತ್ತು. ತಂತಿಗಳ ಮಾತನ್ನು ಅವರು ಮತ್ತೆ ಎತ್ತಲಿಲ್ಲ.